ಹನ್ನೊಂದು ಕ್ವಿಂಟಲ್ ದೋಣಿ

ಜೂನ್ 12, ಗುರುವಾರ
ಇವರ ತೂಕ: ಹೋಗುವಾಗ 63.2, ಬಂದ ಮೇಲೆ 60.9

ಅಫಜಲಪುರದಿಂದ ಬರುವಾಗ ಹಳ್ಳದ ಸೇತುವೆಯ ಮೇಲೆ ಆಟೊ ನಿಲ್ಲಿಸಿ ಕೆಳಗೆ ನೋಡಿದೆ. ನೀರಿಲ್ಲ. ಜಾಲಿಯ ನೆರಳಲ್ಲಿ ಎಮ್ಮೆಗಳು ಮಲಗಿದ್ದವು. ಈ ಹಳ್ಳ ಊರನ್ನೇ ಕಡಿದುಹಾಕುತ್ತದೆ ಎಂದರೆ ನಂಬುವುದು ಕಷ್ಟ. ಭೀಮೆ ತುಂಬಿದಾಗ ಹೊಳೆಯ ನೀರು ಹಿಂದಕ್ಕೆ ಒತ್ತಿ ಇದರೊಳಗೆ ನುಗ್ಗುತ್ತದಂತೆ. ಸೇತುವೆ ಮುಳುಗಿದರೆ ಬೇರೆ ದಾರಿಯಿಲ್ಲ. ಹೋದ ವರ್ಷ ವಾರದ ಮೇಲೆ ಹಾಗೇ ನಿಂತಿತ್ತು ಎಂದು ಅತ್ತೆ ಹೇಳುತ್ತಾರೆ. ಹೋದ ವರ್ಷ ಇವರ ಮೂತ್ರಪಿಂಡಗಳು ಕೆಲಸ ಮಾಡುತ್ತಿದ್ದವು. ಈ ವರ್ಷ ಸೋಮವಾರ, ಗುರುವಾರ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ತಪ್ಪುವ ಹಾಗಿಲ್ಲ. ಒಂದು ಸರತಿ ತಪ್ಪಿದರೆ ತ್ರಾಸು, ಎರಡು ತಪ್ಪಿದರೆ ಜೀವಕ್ಕೇ ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ.

ಕಲಬುರಗಿಯ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಇವರು ಪಂಪ್‌ಸೆಟ್ ಅಂಗಡಿ ಮುಚ್ಚಿ ಊರಿಗೆ ಹೋಗೋಣ ಎಂದರು. ನಾನು ಶಾಲೆಗೆ ರಜೆ ಹಾಕಿ ಬಂದೆ. ಮಳೆಗಾಲಕ್ಕಾದರೂ ಮರಳೋಣ, ನೆಲಮಹಡಿಯಲ್ಲಿ ಒಂದು ಕೋಣೆ ನೋಡಿಟ್ಟಿದ್ದೇನೆ ಎನ್ನುವುದು ನನ್ನ ವಾದ. "ಊರಾಗ ಬೋಟ್ ಮಾಡಾಕತ್ತಾರಲ್ಲ" ಎನ್ನುವುದು ಇವರ ವಾದ. ಇತ್ತೀಚೆಗೆ ಇವರು ಆಡಿದ ಅತಿ ಉದ್ದದ ಮಾತು ಅದೇ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ದೋಣಿ ನಡೆದರೆ ಇಲ್ಲೇ ಇರುವುದು. ನಡೆಯದಿದ್ದರೆ ನೀರು ಬರುವ ಮೊದಲೇ ಕಲಬುರಗಿ.

ದೋಣಿ ನಡೆಯದಿರಲಿ ಎಂದು ನನ್ನ ಮನಸ್ಸಿನಲ್ಲಿದೆಯೇ? ಇದೆ. ಬರೆದಿಡುತ್ತೇನೆ, ಯಾರೂ ಓದುವುದಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಕಲಿತು ಇಂಗ್ಲಿಷಿನಲ್ಲೇ ವಿಜ್ಞಾನ ಕಲಿಸುವವಳು ನಾನು. ಆದರೆ ಈ ದಿನಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದರೆ ಆಸ್ಪತ್ರೆಯ ವರದಿಯಾಗುತ್ತಿದೆ. ಅದಕ್ಕೆ ಕನ್ನಡ.

ಜೂನ್ 17
ತೂಕ: 61.8

ದೋಣಿ ನೋಡಿಬಂದೆ. ಕಟ್ಟುತ್ತಿರುವವನು ಜಮೀರ. ಟ್ರ್ಯಾಕ್ಟರ್ ಟ್ರಾಲಿ ಮಾಡುವವನು. ಸುತ್ತಲಿನ ಊರುಗಳ ಕಬ್ಬು ಅವನ ಟ್ರಾಲಿಗಳಲ್ಲೇ ಕಾರ್ಖಾನೆಗೆ ಹೋಗುತ್ತದೆ. ದೋಣಿಯನ್ನೂ ಅದೇ ಕೈ ಕಟ್ಟಿದೆ. ಬುಡಕ್ಕೆ ದಪ್ಪ ತಗಡು, ಬದಿಗೂ ಅದೇ ತಗಡು, ಸುತ್ತ ಕಬ್ಬಿಣದ ಕೊಳವೆಯ ಕಟಕಟೆ, ಮುಂದೆ ಟ್ರಾಲಿಗಿರುವಂಥ ಇಳಿಬಿಡುವ ತಗಡಿನ ಬಾಗಿಲು, ಫಾಳಕಾ. ಹಿಂದೆ ಒಂದು ಕೊಂಡಿ.

"ಕೊಂಡಿ ಯಾಕೆ ಜಮೀರ?"

"ಇರಲಿ ಅಂತ್ರಿ ವೈನಿ."

"ಏನನ್ನ ಕಟ್ಟಿ ಎಳೀತೀರಿ ನೀರಿನಲ್ಲಿ?"

"ಕೊಂಡಿ ಇಲ್ಲದ ಮಾಲು ನಮ್ಮ ಶೆಡ್ಡಿನಿಂದ ಹೊರಗ ಹೋಗೇ ಇಲ್ರಿ ಇಲ್ಲೀತನಾ."

ತೂಕ ಎಷ್ಟು ಎಂದು ಕೇಳಿದೆ. ವಜನ ಬರೋಬರಿ ಅದ, ಹಗರ ಮಾಲು ತಾನು ಮಾಡುವುದೇ ಇಲ್ಲ ಎಂದ. ಸುತ್ತಿಗೆಯಿಂದ ಬಡಿದು ಸದ್ದು ಕೇಳಿಸಿದ. ಕಬ್ಬು ತೂಗುವ ವೇಬ್ರಿಜ್ ರಸ್ತೆಯ ಆಚೆಗೇ ಇದೆ, ಈಗ ಹಂಗಾಮು ಇಲ್ಲದೆ ಖಾಲಿ. ನನ್ನ ಒತ್ತಾಯಕ್ಕೆ ದೋಣಿಯನ್ನು ಟ್ರಾಲಿಯ ಮೇಲೆ ಹೇರಿಕೊಂಡು ಹೋಗಿ ತೂಗಿಸಿದ, ಆಮೇಲೆ ಬರೀ ಟ್ರಾಲಿ ತೂಗಿ ಕಳೆದ. ಹನ್ನೊಂದು ಕ್ವಿಂಟಲ್. ಜಮೀರನ ಮುಖ ಫಸ್ಟ್ ಕ್ಲಾಸಿನಲ್ಲಿ ಪಾಸಾದ ಹುಡುಗನ ಹಾಗಿತ್ತು. "ನಾ ಹೇಳ್ಲಿಲ್ಲೇನ್ರಿ!"

ಪ್ರತಿ ವರ್ಷ ಎಂಟನೇ ತರಗತಿಗೆ ಸ್ಟೀಲ್ ಬಟ್ಟಲು ತೇಲಿಸಿ ತೋರಿಸುತ್ತೇನೆ. ಎಷ್ಟು ತೂಕವೋ ಅಷ್ಟು ತೂಕದ ನೀರನ್ನು ಅದು ಸರಿಸುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಹನ್ನೊಂದು ಕ್ವಿಂಟಲ್ ನೀರನ್ನು ಸರಿಸಿ, ಮುಂದೆ ಹೋಗುತ್ತ ಹೋಗುತ್ತ ಮತ್ತೆ ಮತ್ತೆ ಸರಿಸುತ್ತಲೇ ಇರಬೇಕು ಎಂದು ನಾನು ಎಂದೂ ಯೋಚಿಸಿರಲಿಲ್ಲ. ತೇಲುವುದು ಒಂದು ಪ್ರಶ್ನೆ, ಸಾಗುವುದು ಇನ್ನೊಂದು. ಪಾಠದಲ್ಲಿ ಮೊದಲನೆಯದು ಮಾತ್ರ ಇದೆ.

ಬಂದು ಲೆಕ್ಕ ಹಾಕಿದೆ. ಯಾರೂ ಹತ್ತದಿದ್ದರೆ ದೋಣಿ ಸುಮಾರು ಅರ್ಧ ಗೇಣು ಮುಳುಗುತ್ತದೆ. ಒಬ್ಬರು ಹತ್ತಿದರೆ ಬೆರಳಿನ ದಪ್ಪಕ್ಕಿಂತ ಕಡಿಮೆ. ಇಷ್ಟೇನಾ? ಮತ್ತೊಮ್ಮೆ ಹಾಕಿದೆ. ಇಷ್ಟೇ.

ಜೂನ್ 26, ಗುರುವಾರ
ತೂಕ: 63.5, 61.0

ಡಯಾಲಿಸಿಸ್ ಮುಗಿಸಿ ಬರುವ ಹೊತ್ತಿಗೆ ಹೊಳೆದಂಡೆಯಲ್ಲಿ ಅರ್ಧ ಊರು ಸೇರಿತ್ತು. ಇವರನ್ನು ಮನೆಯಲ್ಲಿ ಮಲಗಿಸಿ ಓಡಿದೆ. ಬ್ಯಾರೇಜಿನಿಂದ ಹೊಳೆಯಲ್ಲಿ ನೀರು ನಿಂತಿದೆ, ಹರಿವಿಲ್ಲ. ಜೇವರ್ಗಿ ಕಡೆಯ ಮೀನುಗಾರರಿಂದ ಎರವಲು ತಂದ ಹತ್ತು ಎಚ್‌ಪಿ ಮೋಟರು ಹಿಂದೆ ಕೂತಿತ್ತು. ಬೋಟ್ ಕಮಿಟಿಯ ಯಜಮಾನರು ಕಲ್ಯಾಣಪ್ಪನವರು ತೆಂಗಿನಕಾಯಿ ಒಡೆದರು. ಎಂಟು ಮಂದಿ ಹತ್ತಿದರು. ಮೋಟರು ಚಾಲೂ ಮಾಡಲು ಜಮೀರ ಹಗ್ಗ ಜಗ್ಗಿದ.

ದೋಣಿ ಹೊರಟಿತು. ಹೊರಟಿತು ಎನ್ನಬಹುದೇ? ಪಕ್ಕದಲ್ಲಿ ದಂಡೆಯ ಮೇಲೆ ನಡೆಯುತ್ತಿದ್ದ ಚಮನಬಿ ಅದಕ್ಕಿಂತ ಮುಂದೆ ಹೋದಳು. ಬಳೆ ಬುಟ್ಟಿ ಹೊತ್ತು ಊರೂರು ಸುತ್ತುವ ಮುದುಕಿ.

"ಏ ಜಮೀರ, ಅದರಾಗ ಕುಂತೋರ್ಗೆ ಇಳ್ಕೊಂಡು ಬರ್ರಿ ಅನ್ನು, ನಾ ಹೊತ್ಕೊಂಡು ಹೋಗ್ತೇನಿ!"

ಎಲ್ಲರೂ ನಕ್ಕರು. ಕಲ್ಯಾಣಪ್ಪನವರು ನಗಲಿಲ್ಲ. ಮೋಟರಿನ ಪಂಖ ನೀರನ್ನು ಹಿಡಿಯುತ್ತಿಲ್ಲ ಎಂದರು. "ಪಕಡ ಇಲ್ಲ ನೋಡ್ರಿ. ಕುಂಟಿ ನೆಲಕ್ಕ ಕಚ್ಚಲಿಲ್ಲ ಅಂದ್ರ ಏನ್ ಮಾಡ್ತೇವಿ? ಮ್ಯಾಲ ಕಲ್ಲಿಡ್ತೇವಿ. ಹಿಂದ ವಜನ ಹಾಕ್ರಿ." ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಎರೆಹೊಲದಲ್ಲಿ ಕುಂಟೆ ಹೊಡೆದ ಕೈಗಳು ಎಲ್ಲವೂ. ಕ್ಷಣದಲ್ಲಿ ನಾಲ್ಕು ಮರಳಿನ ಚೀಲ ಮೋಟರಿನ ಬುಡಕ್ಕೆ ಬಂದವು. ದೋಣಿಯ ಹಿಂಭಾಗ ಕೂತಿತು, ಮೂತಿ ಆಕಾಶ ನೋಡಿತು. ಪೂರ್ತಿ ಎಕ್ಸಲೇಟರ್ ಕೊಟ್ಟಾಗ ಹಿಂದೆ ದೊಡ್ಡ ಅಲೆ ಎದ್ದು ಒಳಗೇ ಬಂತು. ಜಮೀರನ ಪೈಜಾಮ ನೆನೆಯಿತು.

"ಇಪ್ಪತ್ತೈದು ಎಚ್‌ಪಿ ತರಬೇಕು" ಎಂದು ತೀರ್ಮಾನವಾಗಿದೆ.

ಹರಿವಿಲ್ಲದ ನೀರಿನಲ್ಲೇ ಹೀಗೆ. ಕಲಬುರಗಿಯ ಕೋಣೆಯವರಿಗೆ ಫೋನು ಮಾಡಬೇಕು. ನೆಮ್ಮದಿಯಾಗಬೇಕಿತ್ತು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಕಾಡಿದ್ದು ಬೇರೆ. ಅರ್ಧ ಎಕ್ಸಲೇಟರಿಗೂ ಪೂರ್ತಿಗೂ ವೇಗ ಹೆಚ್ಚುಕಡಿಮೆ ಒಂದೇ ಇತ್ತು. ಹೆಚ್ಚಾದದ್ದು ಅಲೆ ಮಾತ್ರ. ಮೋಟರಿನ ಉಳಿದ ಶಕ್ತಿ ಎಲ್ಲಿ ಹೋಯಿತು?

ಜೂನ್ 27

ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅಳೆದ ನೀರಿನ ಲೋಟ ಇಡುತ್ತ, ಯಾರಿಗೆಂದು ಇಲ್ಲದೆ, ಹಿಂದೆ ಮರಳ ಚೀಲ ಹೇರಿದರೂ ಅರ್ಧಕ್ಕೂ ಪೂರ್ತಿಗೂ ವೇಗ ಒಂದೇ ಎಂದೆ. ಗೋಡೆಯ ಕಡೆಯಿಂದಲೇ ಮಾತು ಬಂತು.

"ಮರಳ ಚೀಲ ಇಟ್ಟೋರು ಯಾರು?"

ಜುಲೈ 3, ಗುರುವಾರ
ತೂಕ: 63.0, 60.8

ಡಯಾಲಿಸಿಸ್ ನಡೆಯುವಾಗ ಇವರು ಸಾಮಾನ್ಯವಾಗಿ ಕಣ್ಣು ತೆರೆಯುವುದಿಲ್ಲ. ಇವತ್ತು ನಾಲ್ಕು ತಾಸೂ ಎಚ್ಚರವಾಗಿದ್ದರು. ಬಲಗೈ ಯಂತ್ರಕ್ಕೆ ಬಿಗಿದಿತ್ತು. ಎಡಗೈ ಬೆರಳಿನಿಂದ ಹಾಸಿಗೆಯ ಮೇಲೆ ಗೀಚಿದರು.

"ಎರಡಿಂಚು ಪೈಪಿಗೆ ಹತ್ತು ಎಚ್‌ಪಿ ಮೋಟರ್ ಕೂಡಿಸ್ರಿ ಅಂತ ರೈತರು ಬರ್ತಿದ್ರು ಅಂಗಡಿಗೆ. ಕೂಡಿಸಿದ್ರ ಏನಾಗ್ತದ? ಕರೆಂಟ್ ತಿಂತದ, ಬಿಸಿ ಆಗ್ತದ, ನೀರು ಮಾತ್ರ ಅಷ್ಟ. ಅಡ್ಡಿ ಎಲ್ಲದ ಅಂತ ಮೊದ್ಲು ನೋಡಬೇಕು."

"ದೋಣಿಗೆ ಅಡ್ಡಿ ಎಲ್ಲಿದೆ?"

"ನೀನ ಹೇಳಬೇಕು. ವಿಜ್ಞಾನದ ಮೇಡಂ."

ಕೆಣಕಿದ್ದು. ಎಷ್ಟು ದಿನವಾಗಿತ್ತು? ಗೊತ್ತಿಲ್ಲ, ಹುಡುಕುತ್ತೇನೆ ಎಂದೆ. ಪಕ್ಕದ ಬೆಂಚಿನಲ್ಲಿ ಕೂತು ಫೋನಿನಲ್ಲಿ ಓದುತ್ತ ಹೋದೆ. ಓದಿದ್ದು ನನ್ನ ಮಾತಿನಲ್ಲಿ ಹೀಗೆ: ದೋಣಿ ಮುಂದೆ ಹೋಗುವಾಗ ತಾನೇ ಒಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಅಲೆ ಉದ್ದವಾಗಿ, ಒಂದು ಹಂತದಲ್ಲಿ ದೋಣಿಯಷ್ಟೇ ಉದ್ದವಾಗುತ್ತದೆ. ಅಲ್ಲಿಂದ ಮುಂದೆ ಇನ್ನೂ ಬೇಗ ಹೋಗಬೇಕಾದರೆ ದೋಣಿ ತನ್ನದೇ ಅಲೆಯನ್ನು ಏರಬೇಕು. ಹಗುರ ದೋಣಿ ತಕ್ಕ ಮೋಟರಿದ್ದರೆ ಏರಿ ನೀರಿನ ಮೇಲೆ ಜಾರುತ್ತದೆ. ಭಾರದ್ದು ಏರಲಾರದು. ಶಕ್ತಿ ಕೊಟ್ಟಷ್ಟೂ ಹಿಂದೆ ತಗ್ಗು ತೋಡಿಕೊಂಡು ಕೂರುತ್ತದೆ. ನಮ್ಮದಕ್ಕೆ ಮರಳೂ ಹೇರಿದ್ದೆವು.

ಇಪ್ಪತ್ತೈದು ಎಚ್‌ಪಿಯ ಮೋಟರು ತಾನೇ ಅರ್ಧ ಕ್ವಿಂಟಲ್ ಮೀರುತ್ತದೆ. ಅದೂ ಹಿಂದೆಯೇ ಕೂರುವುದು. ಪೆಟ್ರೋಲೂ ಹೆಚ್ಚು ಹೊರಬೇಕು.

"ಅಂದ್ರ ಮೋಟರ್ ಬದಲಿಸೋದಲ್ಲ" ಎಂದರು ಇವರು. "ಬೋಟ್ ಬದಲಿಸಬೇಕು. ಜಮೀರನ ಮುಂದ ಯಾರು ಹೇಳ್ತಾರ?"

ನರ್ಸು ಬಂದು ಮೆಲ್ಲಗೆ ಮಾತಾಡಿ ಎಂದಳು.

ಜುಲೈ 9

ಜೇವರ್ಗಿಗೆ ಹೋಗಿಬಂದೆ, ಜಮೀರನ ಜೊತೆ. ಮೋಟರು ಎರವಲು ಕೊಟ್ಟ ನಿಜಾಮುದ್ದೀನ ಅಲ್ಲಿಯ ಹೊಳೆದಂಡೆಯ ಮೀನುಗಾರ, ಮಾತಿನ ಮಲ್ಲ. ಅವನ ಫೈಬರ್ ದೋಣಿಯನ್ನು ಇಬ್ಬರೇ ಎತ್ತಿ ದಂಡೆಗೆ ತರುತ್ತಾರೆ. "ನಮ್ಮ ಬೋಟ್ ಮ್ಯಾಲ ಹೊಂಟದಂತ ನೀರಿಗೇ ಗೊತ್ತಾಗಂಗಿಲ್ರಿ" ಎಂದ. ಹತ್ತಿಸಿಕೊಂಡು ಹೋದ. ಸಣ್ಣ ಮೋಟರು, ಆದರೂ ಗಾಳಿ ಕಿವಿಗೆ ಬಡಿಯಿತು. ಮೂತಿ ಒಂದು ಕ್ಷಣ ಎದ್ದು ಮತ್ತೆ ಸಮನಾಯಿತು. ಅಲೆ ಏರುವುದೆಂದರೆ ಇದೇ! ನಾನು ಕೂಗಿದೆನೆಂದು ಕಾಣುತ್ತದೆ, ನಿಜಾಮುದ್ದೀನ ನಕ್ಕ.

ಜಮೀರ ಕಣ್ಣು ಮುಚ್ಚಿ ಎರಡೂ ಅಂಚು ಹಿಡಿದುಕೊಂಡಿದ್ದ. ಅವನಿಗೆ ಈಜು ಬಾರದು. ನಡು ಹೊಳೆಯಲ್ಲಿ ಗಾಳಿ ಬೀಸಿದಾಗ ದೋಣಿ ಅಡ್ಡಕ್ಕೆ ಜಾರಿತು, ನಾನು ಸರಿದು ಕೂತಿದ್ದಕ್ಕೇ ವಾಲಿತು.

"ಇದು ಬೋಟಲ್ರಿ, ಪತ್ರೋಳಿ" ಎಂದ ದಂಡೆಗೆ ಬಂದ ಮೇಲೆ. "ಉಂಡು ಒಗಿಯೋದು. ನಮ್ಮೂರ ಹೆಣ್ಮಕ್ಳು ಕೂಸು, ಚೀಲ, ಆಡು ಎಲ್ಲಾ ತಗೊಂಡು ಹತ್ತೋರು. ಒಬ್ಬಾಕಿ ಎದ್ದು ಸೀರಿ ಸರಿಮಾಡ್ಕೊಂಡ್ರ ಎಲ್ಲರೂ ನೀರಾಗ."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಹಗುರವೇ ಎಲ್ಲಕ್ಕೂ ಉತ್ತರ ಎಂದು ನಾನು ಬೆಳಿಗ್ಗೆ ಖಚಿತವಾಗಿ ನಂಬಿದ್ದೆ. ಬುಡದಲ್ಲಿ ತೂಕ ಬೇಕು, ಮೇಲೆ ಬೇಡ. ಈಗ ಹೀಗೆ ಅನ್ನಿಸುತ್ತಿದೆ. ನಾಳೆ ಏನನ್ನಿಸುತ್ತದೋ.

ನಿಜಾಮುದ್ದೀನ ಹಳೆಯದೊಂದು ಪಂಖ ಕೊಟ್ಟ. ಎಲೆಗಳ ತಿರುವು ಕಡಿಮೆ. ಒಂದು ಸುತ್ತು ತಿರುಗಿದರೆ ಕಡಿಮೆ ದೂರ, ಆದರೆ ಹೆಚ್ಚು ಒತ್ತು. ಇವರಿಗೆ ತೋರಿಸಿದಾಗ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಎಲೆಗಳನ್ನು ಸವರಿದರು. "ಇದು ಫಸ್ಟ್ ಗೇರು" ಎಂದರು. ಅತ್ತೆ ಒಳಗಿನಿಂದ ಕೇಳಿದರು, "ಎದರ ಫ್ಯಾನ್ ಬೇ ಅದು, ಗಾಳಿ ಬರ್ತದೇನು?"

ಜುಲೈ 16

ಜಮೀರ ವಾರದಿಂದ ನನ್ನ ಫೋನು ಎತ್ತುತ್ತಿಲ್ಲ. ಬದಿಯ ದಪ್ಪ ತಗಡು ಕತ್ತರಿಸಿ ತೆಳುವಾದದ್ದು ಹಾಕಬೇಕು, ಕಟಕಟೆ ತೆಗೆಯಬೇಕು ಎಂದು ಹೇಳಿದ್ದೆ. ಶೆಡ್ಡಿನ ಮುಂದೆ ಹೋದರೆ ವೆಲ್ಡಿಂಗ್ ಕನ್ನಡಿ ಮುಖಕ್ಕೆ ಇಳಿಸಿಕೊಂಡ. ನಾನು ಹೇಳಿದ ರೀತಿ ಸರಿಯಿರಲಿಲ್ಲವೇನೋ. ತರಗತಿಯಲ್ಲಿ ತಪ್ಪು ಲೆಕ್ಕಕ್ಕೆ ಕೆಂಪು ಗೆರೆ ಎಳೆಯುವ ಧ್ವನಿ ನನ್ನದು, ನನಗೇ ಕೇಳಿಸುತ್ತದೆ.

ನಿನ್ನೆ ಮಧ್ಯಾಹ್ನ ನಾನು ಮಲಗಿದ್ದಾಗ ಇವರು, ನನ್ನ ಅರುಣ, ಆಟೊ ಹತ್ತಿ ಅಲ್ಲಿಗೆ ಹೋಗಿದ್ದಾರೆ. ಹೇಳದೆ. ನಾನು ಎದ್ದು ಹುಡುಕಿಕೊಂಡು ಹೋದಾಗ ಇಬ್ಬರೂ ದೋಣಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಟ್ರಾಲಿ ನೆಲ ಹೊರ್ತದಲೇ ಜಮೀರ. ಇದನ್ನ ನೀರು ಹೊರ್ತದ. ಗಾಲಿ ಇಲ್ಲ, ಬೇರಿಂಗ್ ಇಲ್ಲ. ನೀ ಹಾಕಿದ ಒಂದೊಂದು ಕಿಲೋನೂ ಮೋಟರ್ ನೂಕಬೇಕು."

"ಅರುಣಣ್ಣಾ, ನನ್ನ ಹೆಸರು ಬರ್ದೇನಿ ಅದರ ಮ್ಯಾಲ. ನಾಳೆ ತಗಡು ತಗ್ಗು ಬಿದ್ರ ಯಾರ್ನ ಬೈತಾರ?"

"ನನ್ನ ಬೈತಾರ. ಮೊದಲ ಖೇಪಿಗೆ ಕೂಡೋನು ನಾನ ಅಲ್ಲ?"

ಜಮೀರ ಎದ್ದ. ಗ್ಯಾಸ್ ಕಟರ್ ಹಚ್ಚಿದ. ಮೊದಲು ಕತ್ತರಿಸಿದ್ದು ಕೊಂಡಿಯನ್ನು. ಬಿದ್ದ ಸದ್ದಿಗೆ ನಾಯಿ ಓಡಿತು. ಆಮೇಲೆ ಕಟಕಟೆ, ಆಮೇಲೆ ಬದಿಗಳು. ಬುಡದ ತಗಡನ್ನು ಮಾತ್ರ ಮುಟ್ಟಗೊಡಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಫಾಳಕಾಕ್ಕೆ ಕೈ ಹಾಕಬೇಡ ಎಂದು ಹೇಳಿದ್ದು ನಾನೇ. ಆಡು, ಸೈಕಲ್ಲು, ಮಂಡಿನೋವಿನ ಹೆಂಗಸರು, ಎಲ್ಲರಿಗೂ ಅದು ಬೇಕು.

ಹೇಳದೆ ಹೋಗಿದ್ದಕ್ಕೆ ಸಿಟ್ಟು ಬರಬೇಕಿತ್ತು.

ಶಾಲೆಯಿಂದ ಫೋನು ಬಂದಿತ್ತು. ಯಾವಾಗ ಬರುತ್ತೀರಿ ಎಂದು. ಉತ್ತರ ಕೊಡಬೇಕು.

ಜುಲೈ 27, ಶ್ರಾವಣದ ಭಾನುವಾರ

ದೋಣಿಯ ತೂಕ ಈಗ ಆರೂವರೆ ಕ್ವಿಂಟಲ್. ಎಷ್ಟು ಜನರನ್ನು ಕೂರಿಸಬಹುದು ಎಂದು ತಿಳಿಯಲು ಜನರ ತೂಕ ಬೇಕು. ಪುಸ್ತಕದ ಸರಾಸರಿ ಹಿಡಿದುಕೊಂಡಿದ್ದೆ. ನಮ್ಮೂರಿನವರು ಆ ಪುಸ್ತಕದಲ್ಲಿ ಇಲ್ಲ ಎಂಬ ಅನುಮಾನ ಇತ್ತು. ಅರುಣನ ತೂಕದ ಯಂತ್ರವನ್ನು ಕಟ್ಟೆಯ ಮೇಲಿಟ್ಟು ಕರೆದರೆ ಒಬ್ಬ ಹೆಂಗಸೂ ಹತ್ತಲಿಲ್ಲ. "ಎಮ್ಮಿ ಮಾರಾಕ ತೂಗಿದಂಗ ತೂಗ್ತೀರೇನ್ರಿ?" ಎಂದು ಒಬ್ಬಳು ಸೆರಗು ಜಾಡಿಸಿ ಹೋದಳು. ಅತ್ತೆಗಂತೂ ನಾಚಿಕೆ. "ಗಂಡ ಕುಡಿಯೋ ನೀರು ತೂಗಿದಿ, ಬೋಟ್ ತೂಗಿದಿ, ಈಗ ಊರ ತೂಗಾಕ ಹೊಂಟಿ."

ಆಮೇಲೆ ಉಪಾಯ ಹೇಳಿಕೊಟ್ಟವರೂ ಅವರೇ. ಮಠದಲ್ಲಿ ತುಲಾಭಾರದ ದೊಡ್ಡ ತಕ್ಕಡಿ ಇದೆ. ಶ್ರಾವಣದಲ್ಲಿ ಹರಕೆ ಹೊತ್ತವರು ಬೆಲ್ಲಕ್ಕೆ ತೂಗಿಸಿಕೊಳ್ಳುತ್ತಾರೆ. "ಹೊಳಿಯವ್ವ ಸಲಾಮತ್ ದಾಟಿಸಲಿ ಅಂತ ಹರಕಿ ಅನ್ನು. ಬೆಲ್ಲ ಬ್ಯಾಡ, ತೊಗರಿ ಚೀಲ ಇಡು. ನೋಡು ಹೆಂಗ ಬರ್ತಾರ."

ಹೇಗೆ ಬಂದರು! ಸಾಲು ಅಂಗಳ ದಾಟಿತು. ತಕ್ಕಡಿಯಲ್ಲಿ ಕೂತವರಿಗೆ ನಾಚಿಕೆಯಿಲ್ಲ, ಭಾರವಾದಷ್ಟೂ ಹೆಮ್ಮೆ. ಅತ್ತೆ ಕೂತಾಗ ಎದುರಿನ ತಟ್ಟೆಗೆ ಇನ್ನೊಂದು ಚೀಲ, ಮತ್ತೊಂದು ಅರ್ಧ ಚೀಲ ಬೇಕಾಯಿತು.

"ಸುಮಿತ್ರಾಬಾಯಿ, ನಿಮಗ ಬ್ಯಾರೆ ಬೋಟ್ ಮಾಡಬೇಕ್ರಿ" ಎಂದಳು ಸಾಲಿನಲ್ಲಿದ್ದ ಚಮನಬಿ.

"ನೀ ಬಾರಬೇ, ಬುಟ್ಟಿ ಕೆಳಗಿಟ್ಟು ಬಾ."

"ಬುಟ್ಟಿ ಬಿಟ್ಟು ನಾ ಎಲ್ಲಿಗೂ ಹೋಗಂಗಿಲ್ಲ. ತೂಗೋದಿದ್ರ ಎರಡೂ ತೂಗ್ರಿ."

ಅದೇ ಸರಿಯಾಗಿತ್ತು. ಬರಿಗೈಯಲ್ಲಿ ಊರಾಚೆ ಹೋಗುವವರು ಯಾರಿದ್ದಾರೆ? ಎಲ್ಲರನ್ನೂ ಗಂಟುಸಹಿತ ತೂಗಿದೆ. ಪುಸ್ತಕದ ಲೆಕ್ಕ ಎಲ್ಲೋ ಉಳಿಯಿತು. ಅರುಣ ಕುರ್ಚಿಯಲ್ಲಿ ಕೂತು ಬರೆದುಕೊಂಡರು, ಜನರ ಹೆಸರಿನ ಮುಂದೆ ನಗೆಚಾಟಿಕೆಯನ್ನೂ.

ಸಂಜೆ ದೋಣಿಯನ್ನು ನೀರಿಗಿಳಿಸಿ, ಜನರ ಬದಲು ಅದೇ ತೊಗರಿ ಚೀಲಗಳನ್ನು ಒಂದೊಂದಾಗಿ ತುಂಬಿದೆವು. ಇನ್ನು ಮುಳುಗಬಾರದು ಎನ್ನುವಲ್ಲಿ ಬದಿಯುದ್ದಕ್ಕೂ ಬಿಳಿ ಪಟ್ಟಿ ಬಳಿದೆವು. ಪಟ್ಟಿ ಪೂರ್ತಿ ಕಾಣುತ್ತಿರಬೇಕು. ಪಟ್ಟಿಗೆ ನೀರು ಮುಟ್ಟಿದರೆ ಯಾರಾದರೂ ಇಳಿಯಬೇಕು. ಎಷ್ಟು ಮಂದಿ ಎಂಬ ಲೆಕ್ಕ ಬೇಡ. ಕಮಿಟಿಯಲ್ಲಿ ಕಲ್ಯಾಣಪ್ಪನವರೂ ಕೈ ಎತ್ತಿದರು.

ಆಗಸ್ಟ್ 5

ಎರಡನೇ ಪರೀಕ್ಷೆ. ಅರುಣನೂ ಬಂದರು, ದಂಡೆಯಲ್ಲಿ ಛತ್ರಿ ಹಿಡಿದು ಕೂತರು.

ಹಗುರವಾದ ದೋಣಿ, ನಿಜಾಮುದ್ದೀನನ ಪಂಖ, ಮರಳಿಲ್ಲ. ಹಿಂದೆ ಭಾರ ಬೇಡವೆಂದು ನಾನೇ ಎಲ್ಲರನ್ನೂ ಮುಂದೆ ಕೂರಿಸಿದೆ. ಜಮೀರ ಹಗ್ಗ ಜಗ್ಗಿದ. ಎರಡು ಮಾರು ಹೋದ ಕೂಡಲೇ ಮೋಟರು ಕಿರುಚಿತು, ದೋಣಿ ಗಕ್ಕನೆ ನಿಂತಿತು. ಮೂತಿ ತಗ್ಗಿ ಹಿಂಭಾಗ ಎದ್ದಿತ್ತು. ಪಂಖ ನೀರಿನ ಬದಲು ಗಾಳಿ ಕಡೆಯುತ್ತಿತ್ತು.

ಕಲ್ಯಾಣಪ್ಪನವರು ಜೀವಮಾನದ ಸಂತೋಷದಲ್ಲಿ ನನ್ನನ್ನು ಕೂಗಿದರು. "ಏ ಬಸವೇಶ್ವರಿ! ಕಲ್ಲು ತರ್ಲೇನವ್ವಾ?"

ಅವರ ಕುಂಟೆಯ ಮಾತಿನಲ್ಲಿ ಅರ್ಧ ನಿಜವಿತ್ತು. ಅದನ್ನು ನಾನು ಪೂರ್ತಿ ಸುಳ್ಳೆಂದು ತಳ್ಳಿಹಾಕಿದ್ದೆ. ನಗು ಬಂತು, ನಕ್ಕೆ. ಪೆಟ್ರೋಲ್ ಕ್ಯಾನು ಹಿಂದಕ್ಕೆ, ಇಬ್ಬರು ಹಿಂದಕ್ಕೆ, ಉಳಿದವರು ನಡುವೆ. ದಂಡೆಯಿಂದ ಅರುಣ ಕೈ ಸನ್ನೆ ಮಾಡುತ್ತ ಒಬ್ಬೊಬ್ಬರನ್ನೂ ಸರಿಸಿದರು. ದೋಣಿ ಸಮನಾದಾಗ ಕೈ ಇಳಿಸಿದರು.

ಹೋಯಿತು. ನಿಜಾಮುದ್ದೀನನ ದೋಣಿಯಂತೆ ಜಾರಲಿಲ್ಲ. ಅಲೆ ಏರುವ ದೋಣಿ ಇದಲ್ಲ, ಆಗುವುದೂ ಇಲ್ಲ. ಆದರೆ ಹಿಂದಿನ ಗುಡ್ಡದಂಥ ಅಲೆ ಇಲ್ಲ, ಮೂತಿ ಎದ್ದಿಲ್ಲ, ದಂಡೆಯಲ್ಲಿ ಚಮನಬಿ ಓಡಿದರೂ ಹಿಂದೆ ಬಿದ್ದಳು. ಅದೇ ಹತ್ತು ಎಚ್‌ಪಿ.

ಆಗಸ್ಟ್ 6

ನಿನ್ನೆ ಅಲ್ಲಿ ಕೂತಿದ್ದಕ್ಕೆ ಅರುಣನಿಗೆ ಸುಸ್ತು. ಮಲಗಿಯೇ ಕೇಳುತ್ತಾರೆ, ಹರಿವಿನಲ್ಲಿ ಅಡ್ಡ ಹೋಗುವಾಗ ಮೂತಿಯನ್ನು ಅದರ ಎದುರಿಗೆ ಎಷ್ಟು ತಿರುಗಿಸಿ ಹಿಡಿಯಬೇಕು? ಚಿತ್ರ ಬರೆದು ಜಮೀರನಿಗೆ ತೋರಿಸಬೇಕು.

ಆಗಸ್ಟ್ 19

ಸೊಲ್ಲಾಪುರದ ಕಡೆಯ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ. ಬೆಳಿಗ್ಗೆ ಡಂಗುರ ಸಾರಿದರು. ಮಧ್ಯಾಹ್ನ ಹಳ್ಳ ಹಿಂದಕ್ಕೆ ಹರಿಯುವುದನ್ನು ಕಣ್ಣಾರೆ ಕಂಡೆ. ಕಸಕಡ್ಡಿ ಹೊಳೆಯ ಕಡೆಯಿಂದ ಊರ ಕಡೆ ತೇಲಿಬರುತ್ತಿತ್ತು. ಎಷ್ಟೋ ಹೊತ್ತು ನೋಡುತ್ತ ನಿಂತೆ. ಸೇತುವೆಯ ಕಂಬಗಳು ಮೊದಲು ಮುಳುಗಿದವು. ಸಂಜೆಗೆ ಸೇತುವೆಯೇ ಇಲ್ಲ.

ಕಲಬುರಗಿಯ ಕೋಣೆಯವರು ಫೋನು ಮಾಡಿದ್ದರು, ಬೇರೆಯವರು ಕೇಳುತ್ತಿದ್ದಾರೆ ಎಂದು. ಕೊಟ್ಟುಬಿಡಿ ಎಂದೆ. ಜಮೀರ ಮೋಟರು ಹಳ್ಳದ ದಂಡೆಗೆ ಸಾಗಿಸುತ್ತಿದ್ದ, ನನಗೆ ಫೋನಿನಲ್ಲಿ ಹೆಚ್ಚು ಮಾತಾಡಲು ಪುರಸೊತ್ತಿರಲಿಲ್ಲ.

ಆಗಸ್ಟ್ 21, ಗುರುವಾರ

ಬೆಳಿಗ್ಗೆ ಹಳ್ಳದ ದಂಡೆಗೆ ಹೋದಾಗ ನೀರು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಅಫಜಲಪುರದ ಆಟೊ ಬಂದು ನಿಂತಿತ್ತು, ಬೆರಳಷ್ಟು ಕಾಣುತ್ತಿತ್ತು. ಮೊದಲ ಖೇಪಿಗೆ, ದೋಣಿಯ ಮೊದಲ ಸುತ್ತಿನಲ್ಲಿ, ಆಸ್ಪತ್ರೆಗೆ ಹೋಗುವವರು ಎಂದು ಕಮಿಟಿ ಗೊತ್ತುಮಾಡಿತ್ತು. ಅರುಣ, ನಾನು, ಚಮನಬಿ ಮತ್ತು ಜ್ವರದ ಕೂಸನ್ನು ಎತ್ತಿಕೊಂಡಿದ್ದ ಅವಳ ಸೊಸೆ ಮುಮತಾಜ, ದಿನ ತುಂಬಿದ ಒಬ್ಬ ಹೆಂಗಸು, ಅವಳ ತಾಯಿ, ಅವಳ ಗಂಡ. ಮೋಟರಿಗೆ ಜಮೀರ. ಎಲ್ಲರ ಗಂಟೂ ಇತ್ತು. ಚಮನಬಿಯ ಬುಟ್ಟಿಯೂ.

"ಆಸ್ಪತ್ರಿಗೆ ಬಳಿ ಯಾಕಬೇ?" ಎಂದು ಜಮೀರ ರೇಗಿದ.

"ನರ್ಸಮ್ಮಗೋಳು ಬಳಿ ಇಡಂಗಿಲ್ಲೇನು?"

ನಾನು ಕೊನೆಗೆ ಹತ್ತಿ ಅರುಣನ ಪಕ್ಕ ಕೂತೆ. ಕೈಯಲ್ಲಿ ಅವರ ಚೀಲ. ಹರಿವು ಬಡಿದಾಗ ದೋಣಿಯ ಬದಿ ನೋಡಿದೆ. ಬಿಳಿ ಪಟ್ಟಿಯ ಅರ್ಧ ಕಾಣುತ್ತಿತ್ತು. ಅಲೆ ಬಂದಾಗ ಅದೂ ಇಲ್ಲ.

ಇಳಿಸುವುದು ಯಾರನ್ನು? ಗರ್ಭಿಣಿಯ ಮನೆಯವರನ್ನೇ? ಕೂಸಿನ ತಾಯಿಯನ್ನೇ? ಕಲ್ಯಾಣಪ್ಪನವರು ದಂಡೆಯಿಂದ ನೋಡಿದರು, ನಾನು ನೋಡಿದ್ದನ್ನೂ ನೋಡಿದರು.

"ಎರಡು ಬೆರಳಷ್ಟಕ್ಕ ಏನಾಗ್ತದ ತಂಗಿ? ಕೂಡು. ನೀ ಇಲ್ಲದ ಅವ ಹೆಂಗ ಹೋಗ್ತಾನ?"

ಸೂಜಿ ಚುಚ್ಚುವಾಗ ಯಾವ ಕೈ ಎಂದು ಹೇಳುವವಳು ನಾನು, ತಲೆಸುತ್ತು ಬಂದರೆ ಕಾಲು ಎತ್ತಿ ಹಿಡಿಯುವವಳು ನಾನು. ಒಂದು ಸಲವೂ ಅವರೊಬ್ಬರೇ ಹೋದದ್ದಿಲ್ಲ. ಅರುಣನ ಮುಖ ನೋಡಿದೆ. ಅವರು ಪಟ್ಟಿಯನ್ನು ನೋಡುತ್ತಿದ್ದರು.

ಚೀಲ ಅವರ ತೊಡೆಯ ಮೇಲಿಟ್ಟು ಇಳಿದೆ. ನೀರು ಮೊಣಕಾಲಿಗೆ ಬಂತು.

"ಇನ್ನೂ ಸಾಲದು" ಎಂದರು ಅರುಣ.

ಚಮನಬಿ ಗೊಣಗಿದಳು, ಬಹಳ ಗೊಣಗಿದಳು, ಬುಟ್ಟಿಯನ್ನು ನನ್ನ ತಲೆಯ ಮೇಲಿಟ್ಟಳು. ಎಷ್ಟು ಭಾರ ಅದು! ದಿನಾ ಇದನ್ನು ಹೊತ್ತು ಹೇಗೆ ನಡೆಯುತ್ತಾಳೆ? ಪಟ್ಟಿ ಮೇಲೆ ಬಂತು, ಕೆಳ ಅಂಚಿನವರೆಗೂ ಬೆಳ್ಳಗೆ. ಜಮೀರ ಹಗ್ಗ ಜಗ್ಗಿದ.

ಚಿತ್ರದಲ್ಲಿ ಬರೆದಂತೆಯೇ ಮೂತಿಯನ್ನು ಹರಿವಿನ ವಿರುದ್ಧ ಓರೆಯಾಗಿ ಹಿಡಿದ. ನಡುವಿನಲ್ಲಿ ಒಂದು ಕಡೆ ದೋಣಿ ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತಂತಾಯಿತು. ಮೋಟರಿನ ದನಿ ಏರಲಿಲ್ಲ, ಇಳಿಯಲಿಲ್ಲ. ಆಮೇಲೆ ದೋಣಿ ನಿಧಾನವಾಗಿ, ನೊಗಕ್ಕೆ ಹೆಗಲು ಕೊಟ್ಟ ಎತ್ತಿನ ಹಾಗೆ, ಮುಂದೆ ಸರಿಯಿತು. ಆಚೆ ದಂಡೆಯಲ್ಲಿ ಫಾಳಕಾ ಇಳಿದದ್ದು ಕಂಡಿತು.

ಅತ್ತೆ ಬಂದು ಪಕ್ಕದಲ್ಲಿ ನಿಂತರು. "ಗಂಡನ ಒಬ್ಬನ್ನ ಕಳಿಸಿ ಬಳಿ ಬುಟ್ಟಿ ಹೊತ್ತು ನಿಂತೀಯಲ್ಲ ಬೇ!" ಎಂದರು. ಆಮೇಲೆ ಬುಟ್ಟಿ ಇಳಿಸಲು ಕೈ ಕೊಟ್ಟರು.

ಎರಡನೇ ಖೇಪಿಗೆ ಜಾಗ ಇತ್ತು. "ಬರ್ರಿ ವೈನಿ" ಎಂದು ಜಮೀರ ಕರೆದ. ಅರುಣ ನಿಭಾಯಿಸುತ್ತಾರೆ, ಹಾಲಿನ ಕ್ಯಾನುಗಳು ಹೋಗಲಿ ಎಂದೆ. ಕ್ಯಾನುಗಳನ್ನು ಎಲ್ಲಿಡಬೇಕು ಎಂದು ಕಲ್ಯಾಣಪ್ಪನವರಿಗೂ ನನಗೂ ವಾದವಾಯಿತು. ಅವರು ಹಿಂದೆ ಅಂದರು, ನಾನು ನಡುವೆ ಅಂದೆ. ಕೊನೆಗೆ ನಡುವಿಗಿಂತ ಸ್ವಲ್ಪ ಹಿಂದೆ ಇಟ್ಟೆವು. ಚೆನ್ನಾಗಿ ಹೋಯಿತು.

ಸಂಜೆ ತುಂತುರು ಮಳೆ. ಆಚೆ ದಂಡೆ ಮಸುಕು. ಮೋಟರಿನ ಸದ್ದು ಕೇಳುತ್ತಿತ್ತು, ದೋಣಿ ಕಾಣುತ್ತಿರಲಿಲ್ಲ. ದೋಣಿಗಿಂತ ಮೊದಲು ನೀರಿನ ಮೇಲೆ ಅರುಣನ ದನಿ ಬಂತು.

"ಚಮನಬಿ ಖಾಲಾ, ಹಿಂದ ಸರೀರಿ ಅಂತ ಎಷ್ಟು ಸಲ ಹೇಳಬೇಕು? ಮೂತಿ ತಗ್ಗಾಕತ್ತದ!"

"ನೀನ ಸರಿಯಪ್ಪಾ. ರಕ್ತ ತೊಳಿಸ್ಕೊಂಡು ಹಗರ ಆಗಿ ಬಂದೋನು ನೀನು, ನಾ ಅಲ್ಲ!"

"ಹಗರ ಇದ್ದೋರು ಮುಂದ, ವಜನ ಇದ್ದೋರು ಹಿಂದ. ಸರೀರಿ!"

ಇಬ್ಬರೂ ಜಗಳಾಡುತ್ತಲೇ ದಂಡೆಗೆ ಬಂದರು.